ಗುರುತು ಹಾಕದ ಕೊಳವೆ

"ಸಿಸ್ಟರ್, ಸ್ವಲ್ಪ ಕಾಲು ಎತ್ತುತ್ತೀರಾ? ನೀವು ನಿಂತಿರೋದು ನನ್ನ ಹಗ್ಗದ ಮೇಲೆ."

ಬೈಯಲೆಂದೇ ಹೋದವಳಿಗೆ ಅವನು ಆಡಿದ ಮೊದಲ ಮಾತು ಇದು. ನಮ್ಮ ಹೆರಿಗೆ ಆಸ್ಪತ್ರೆಗೂ ಸಮುದ್ರಕ್ಕೂ ನಡುವೆ ಜೌಗು ನೆಲವಿತ್ತು. ಅಲ್ಲಿ ಉದ್ದನೆಯ ಕೊಳವೆ ಇಳಿಸಿ ಮಣ್ಣಿನ ಪದರ ತೆಗೆದು ನೋಡುತ್ತಿದ್ದ ಭೂವಿಜ್ಞಾನಿ ಅವನು. ಅಂದು ನಮ್ಮ ಅಂಗಳದ ಅಂಚಿನವರೆಗೂ ಬಂದವನು, ಅದೇ ಕೆಸರು ಬೂಟಿನಲ್ಲಿ ಕೈ ತೊಳೆಯಲು ನನ್ನ ವಾರ್ಡಿಗೆ ನುಗ್ಗಿದ್ದ.

"ಈಗಷ್ಟೇ ಒರೆಸಿದ ನೆಲ ಅದು. ಎಳೆ ಕೂಸುಗಳಿರೋ ಜಾಗ. ತಲೆ ನೆಟ್ಟಗಿದೆಯಾ ನಿಮಗೆ?"

ಹುಬ್ಬಿನ ಮೇಲೂ ಕೆಸರು. ಎತ್ತಿದ ಕೊಳವೆಯನ್ನು ಹಿಡಿದುಕೊಂಡೇ ನನ್ನನ್ನು ನೋಡುತ್ತ ನಿಂತ. "ಇಷ್ಟೊತ್ತು ನೆಟ್ಟಗೇ ಇತ್ತು," ಎಂದ. ನಗು ಬಂತು, ತುಟಿ ಕಚ್ಚಿ ತಡೆದುಕೊಂಡೆ.

ಆಮೇಲೆ ದಿನಾ ಬಂದ, ಬೂಟು ಬಾಗಿಲಲ್ಲೇ ಬಿಟ್ಟು. ವಾರ್ಡಿನವರೆಲ್ಲ ಅವನಿಗೆ ಕೆಸರಪ್ಪ ಎಂದು ಹೆಸರಿಟ್ಟರು. ಅವನು ಹೇಳುವ ಪ್ರಕಾರ, ಸಮುದ್ರದಡಿಯ ನೆಲ ನಮ್ಮ ನೆಲದ ಕೆಳಗೆ ತೂರುತ್ತಿರುತ್ತದಂತೆ. ಎಲ್ಲೋ ಸಿಕ್ಕಿಕೊಂಡು ನೂರಾರು ವರ್ಷ ಬಿಗಿಯುತ್ತದಂತೆ. ಬಿಟ್ಟುಕೊಂಡ ದಿನ ಭೂಮಿ ನಡುಗಿ, ದಡ ಒಮ್ಮೆಲೇ ಕುಸಿದು, ಹಿಂದೆಯೇ ಸಮುದ್ರ ಬರುತ್ತದಂತೆ. ಹುಲ್ಲು ಬೆಳೆದ ಕಪ್ಪು ಮಣ್ಣು, ಮೇಲೆ ಬಿಳಿ ಮರಳು, ಅದರ ಮೇಲೆ ಬೂದು ಕೆಸರು. ಮಣ್ಣಿನಲ್ಲಿ ಉಳಿಯುವ ಗುರುತು ಅದು.

"ಮತ್ತೆ ಯಾವಾಗ ಬರುತ್ತೆ?"

"ನಾಳೆ ಬರಬಹುದು. ನಮ್ಮ ಮೊಮ್ಮಕ್ಕಳ ಕಾಲಕ್ಕೂ ಬರದೇ ಇರಬಹುದು."

"ನಮ್ಮ ಮೊಮ್ಮಕ್ಕಳಾ?"

ಅವನ ಕಿವಿ ಕೆಂಪಾಯಿತು. "ಮಾತಿಗೆ ಹೇಳಿದೆ ಸಿಸ್ಟರ್."

"ಮೊಮ್ಮಕ್ಕಳ ತನಕ ಹೋದವರು ಮೊದಲು ಆ ಸಿಸ್ಟರ್ ಅನ್ನೋದನ್ನ ಬಿಡಿ."

ಬಿಟ್ಟ. ಬಹುವಚನವನ್ನೂ ಬಿಟ್ಟ.

ಹೆರಿಗೆ ವಾರ್ಡನ್ನು ಗುಡ್ಡದ ಮೇಲಿನ ಖಾಲಿ ಕಟ್ಟಡಕ್ಕೆ ಸಾಗಿಸಿ ಎಂದು ಅವನು ಆಸ್ಪತ್ರೆಯ ಆಡಳಿತ ಮಂಡಳಿಯನ್ನು ಕೇಳಿದ. ಭೂಮಿ ನಡುಗಿದ ಮೇಲೆ ಓಡಬಲ್ಲವರು ಓಡಿಯಾರು. ಗಾಜಿನ ಪೆಟ್ಟಿಗೆಯಲ್ಲಿ ಮಲಗಿರುವ, ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ಯಾರು ಹೊತ್ತು ಓಡಬೇಕು? ಜೌಗಿನ ಕಥೆ ಬೇಡ, ನಮ್ಮ ಅಂಗಳದ ಮಣ್ಣು ತೋರಿಸು ಎಂದಿತು ಮಂಡಳಿ. ಅಂಗಳದ ಅಂಚಿನಲ್ಲಿ ತೆಗೆದ ಕೊಳವೆ ಒಂದೇ ಒಂದಿತ್ತು, ನಾನು ಬೈಯಲು ಹೋದ ದಿನದ್ದು.

ಸಭೆ ಮುಗಿಸಿ ನನ್ನ ಕ್ವಾರ್ಟರ್ಸಿನ ಬಾಗಿಲಿಗೆ ಬಂದಾಗ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಕೊಳವೆ ಎತ್ತಿದ ತಕ್ಷಣ ಮೇಲ್ತುದಿಗೆ ಬಾಣ ಗೀರಬೇಕು. ಅದಕ್ಕೆ ಗೀರಿಲ್ಲ. ಬೇರು ನೋಡಿ ಮೇಲ್ಯಾವುದು, ಕೆಳಗ್ಯಾವುದು ಅಂತ ನಾನು ಹೇಳಬಲ್ಲೆ. ಅವರು ಗುರುತಿಲ್ಲದ್ದು ಲೆಕ್ಕಕ್ಕಿಲ್ಲ ಅಂದ್ಬಿಟ್ರು."

"ಅಷ್ಟು ಮುಖ್ಯವಾದದ್ದನ್ನ ಹೇಗೆ ಮರೆತೆ?"

"ನೀನು ಬೈತಿದ್ದೆ. ನೋಡ್ತಾ ನಿಂತುಬಿಟ್ಟೆ."

ಹೊಸ್ತಿಲಲ್ಲೇ ಕುಸಿದು ಕೂತ. "ಇನ್ನೊಂದು ತೆಗೆಯೋಣ ಅಂದ್ರೆ ಆಮೇಲೆ ಅಂಗಳಕ್ಕೆಲ್ಲ ಅಂಚಿನ ತನಕ ಕಾಂಕ್ರೀಟ್ ಹಾಕಿದ್ದಾರೆ, ಒಡೆಯೋಕೆ ಬಿಡಲ್ಲ. ನಿನ್ನ ಕಾಲಿಗೆ ಬೀಳ್ತೀನಿ. ನೀನಾದ್ರೂ ಗುಡ್ಡದ ಮೇಲೆ ನಿಮ್ಮಕ್ಕನ ಮನೆಗೆ ಹೋಗು. ಇವತ್ತೇ ಹೋಗು."

"ಕೂಸುಗಳು?"

ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅವನ ಒಂದೊಂದು ಮಾತನ್ನೂ ನಾನು ನಂಬಿದ್ದೆ, ಅವನನ್ನು ಜೀವಕ್ಕಿಂತ ಹೆಚ್ಚು ಪ್ರೀತಿಸುತ್ತಿದ್ದೆ. ಆದರೂ ಹೋಗಲಾರೆ.

ಒಳಗೆ ಹೋಗಿ ಮಂಚ ಪಕ್ಕಕ್ಕೆ ಎಳೆದೆ. ಕ್ವಾರ್ಟರ್ಸ್ ಇದ್ದದ್ದೂ ಆಸ್ಪತ್ರೆಯ ಅಂಗಳದಲ್ಲೇ. ಹಳೇ ಕಟ್ಟಡ, ನೆಲಕ್ಕೆ ಬರೀ ಟೈಲ್ಸ್.

"ಒಡಿ," ಎಂದೆ.

"ಕೆಲಸದಿಂದ ತೆಗೀತಾರೆ ನಿನ್ನ."

"ತೆಗೀಲಿ. ನೀನು ಒಡೀತೀಯೋ, ನಾನೇ ಒಡೀಲೋ?"

ಮರುದಿನ ಮಂಡಳಿಯ ಕಾರ್ಯದರ್ಶಿಯನ್ನು ಕರೆತಂದು ಎದುರಿಗೇ ನಿಲ್ಲಿಸಿಕೊಂಡೆವು. ಒಡೆದ ನೆಲದೊಳಗಿಂದ ಕೊಳವೆ ಮೇಲೆ ಬಂತು. ಅವನು ಚಾಕು ನನ್ನ ಕೈಗೆ ಕೊಟ್ಟ. ನಾನೇ ಬಾಣ ಗೀರಿದೆ. ಸೀಳಿದಾಗ ಕೆಳಗಿನಿಂದ ಕಪ್ಪು, ಬಿಳಿ, ಬೂದು. ಅದರ ಮೇಲೆ ಮತ್ತೆ ಕಪ್ಪು, ಬಿಳಿ, ಬೂದು. ನಾನು ತಲೆಯಿಟ್ಟು ಮಲಗುತ್ತಿದ್ದ ಜಾಗಕ್ಕೆ ಸಮುದ್ರ ಎರಡು ಸಲ ಬಂದು ಹೋಗಿತ್ತು.

ಮಂಡಳಿ ಒಪ್ಪಿತು. ಆದರೆ ಕಟ್ಟಡ ಸಜ್ಜಾಗಬೇಕು, ಮಳೆಗಾಲ ಕಳೆಯಲಿ ಎಂದಿತು.

"ಅಲ್ಲಿಯವರೆಗೆ ನೀನು?" ಎಂದ ಅವನು.

"ಇಲ್ಲೇ."

ಎದ್ದು ಹೋದ. ತಿರುಗಿಯೂ ನೋಡಲಿಲ್ಲ. ಒಗೆದ ಬಟ್ಟೆ ಮಡಿಸುತ್ತ, ಅದರಲ್ಲೇ ಕಣ್ಣೊರೆಸಿಕೊಂಡೆ.

ಸಂಜೆ ವಾರ್ಡಿನ ಬಾಗಿಲಲ್ಲಿ ಅವನು, ಹೆಗಲಲ್ಲಿ ಹಾಸಿಗೆ ಸುರುಳಿ.

"ಗುಡ್ಡದ ಮೇಲಿದ್ದ ನನ್ನ ರೂಮು ಬಿಟ್ಟೆ. ಗೇಟಿನ ಪಕ್ಕದ ಕಾವಲಿನವನ ಕೋಣೇಲಿ ಜಾಗ ಕೇಳಿದೀನಿ."

"ಇಲ್ಲಿ ಏನಾಗುತ್ತೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹುಚ್ಚಾ ನಿನಗೆ?"

"ನಿನಗಿರೋದು ಎರಡೇ ಕೈ. ಭೂಮಿ ನಡುಗಿದ ದಿನ ಇನ್ನೆರಡು ಬೇಕಾಗುತ್ತೆ."

"ಮೊದಲು ಆ ಕೈ ತೊಳ್ಕೊ," ಎಂದೆ.

ಬೂಟು ಬಿಟ್ಟ. ಮೊಣಕೈವರೆಗೂ ಉಜ್ಜಿ ತೊಳೆದ. ಎಲ್ಲಕ್ಕಿಂತ ಚಿಕ್ಕ ಕೂಸನ್ನು ತಂದು ಆ ಕೈಗಳ ಮೇಲಿಟ್ಟು, ಕುತ್ತಿಗೆ ಹೇಗೆ ಹಿಡಿಯಬೇಕು, ಎದೆಗೆ ಹೇಗೆ ಒತ್ತಿಕೊಂಡು ಓಡಬೇಕು ಎಂದು ತೋರಿಸಿಕೊಟ್ಟೆ. ಅವನು ಮತ್ತೆ ನನ್ನನ್ನೇ ನೋಡುತ್ತಿದ್ದ.

"ಈ ಸಲವಾದ್ರೂ ನನ್ನ ನೋಡ್ಬೇಡ ಕಣೋ," ಎಂದೆ. "ಕೂಸನ್ನ ನೋಡು."