ರಾಕ್ಷಸನ ಪ್ರಾಣ ಇದ್ದ ಜಾಗ

"ಒಂದಾನೊಂದು ಕಾಲದಲ್ಲಿ ಒಬ್ಬ ರಾಕ್ಷಸ ಇದ್ದನಂತೆ. ಕಡಿದರೂ ಸಾಯ, ಸುಟ್ಟರೂ ಸಾಯ. ಪ್ರಾಣವನ್ನು ಬೇರೆಲ್ಲೋ ಬಚ್ಚಿಟ್ಟಿದ್ದನಂತೆ..."

"ಹೂಂ," ಎಂದಳು ತೊಡೆಯ ಮೇಲಿದ್ದ ಮಗಳು. "ಎಲ್ಲಿ?"

ಕಥೆ ಹೇಳುತ್ತಿದ್ದ ಅಮ್ಮನಿಗೆ, ಆ ಮನೆಯ ಸೊಸೆಗೆ, ಉತ್ತರ ಗೊತ್ತಿತ್ತು. ಅಜ್ಜಿಯ ಬಾಯಿಂದ ನೂರು ಸಲ ಕೇಳಿದ ಕಥೆ. ಆದರೆ ನಾಲಿಗೆ ಒದ್ದೆ ಬಟ್ಟೆಯ ಹಾಗೆ ಬಿದ್ದುಕೊಂಡಿತು... ರೆಪ್ಪೆಗಳು ತಾವಾಗಿಯೇ ಇಳಿದವು. ನಾಳೆ ಖಂಡಿತ ಹೇಳುತ್ತೇನೆಂದು ಮಗಳ ಅಂಗೈ ಮೇಲೆ ಕೈಯಿಟ್ಟು ಭಾಷೆ ಕೊಟ್ಟಳು.

"ಶುರುವಾಯ್ತು ನೋಡು," ಅಡುಗೆಮನೆಯಿಂದ ಅತ್ತೆಯ ದನಿ. "ಪಾತ್ರೆ ತೊಳೆಯೋ ಹೊತ್ತಿಗೆ ಸರಿಯಾಗಿ ಮಹಾರಾಣಿಗೆ ನಿದ್ದೆ."

ನಿದ್ದೆಯಾಗಿದ್ದರೆ ಎಷ್ಟು ಚೆನ್ನಾಗಿತ್ತು! ಬೆಳಿಗ್ಗೆ ಹೊಲಿಗೆ ಅಂಗಡಿಯಲ್ಲಿ ಅವಳ ಕೈ ಗಾಳಿಯಂತೆ ಓಡುತ್ತಿತ್ತು. ಬಿಸಿಲು ಇಳಿದರೆ ಒಂದು ಸೂಜಿ ಎರಡಾಗಿ ಕಾಣುತ್ತಿತ್ತು, ಕುಡಿದ ನೀರು ಮೂಗಿನಿಂದ ಬರುತ್ತಿತ್ತು. ಗೋಡೆಯ ಮೇಲೆ ನೆರಳು ಉದ್ದವಾಗುವುದನ್ನು ಕಂಡರೇ ಅವಳಿಗೆ ಭಯವಾಗುತ್ತಿತ್ತು. ಒಂದು ಸಂಜೆ ತುತ್ತು ಗಂಟಲಲ್ಲೇ ನಿಂತುಬಿಟ್ಟರೆ... ಮಗಳ ಕಣ್ಣೆದುರೇ ಉಸಿರು ನಿಂತರೆ...

ಡಾಕ್ಟರ ತಲೆ ಬೆಳಿಗ್ಗೆ ಮಾತ್ರ ಚುರುಕು ಎಂಬುದು ಅತ್ತೆಯ ಸಿದ್ಧಾಂತ. ಹಾಗಾಗಿ ಯಾವ ಆಸ್ಪತ್ರೆಗೆ ಹೋದರೂ ಮೊದಲ ಚೀಟಿ ಇವರದೇ. ರಾತ್ರಿಯಿಡೀ ಮಲಗೆದ್ದ ಸೊಸೆಯ ಕಣ್ಣು ದೀಪದಂತೆ ಹೊಳೆಯುತ್ತಿತ್ತು. ಏನೂ ಇಲ್ಲ, ವಿಶ್ರಾಂತಿ ತೆಗೆದುಕೊಳ್ಳಿ ಎಂದು ಎಲ್ಲರೂ ಸಾಗಹಾಕುತ್ತಿದ್ದರು. ಈ ಸಲದ ನರರೋಗದ ಡಾಕ್ಟರಮ್ಮನೂ ಇನ್ನೇನು ಹಾಗೇ ಬರೆಯುವವಳಿದ್ದಳು. ಅತ್ತೆಗೆ ತಡೆಯಲಾಗಲಿಲ್ಲ.

"ಬೆಳಿಗ್ಗೆ ಹೀಗೇ ಗುಂಡುಕಲ್ಲು, ಡಾಕ್ಟ್ರೇ. ಸಂಜೆ ಆಯ್ತೋ, ಕಣ್ಣು ಮುಚ್ಚತ್ತೆ, ಮಾತು ತೊದಲತ್ತೆ. ಮಲಗಿ ಎದ್ರೆ ಮತ್ತೆ ಸರಿ. ನಾಟಕ ಅಲ್ದೆ ಇನ್ನೇನು?"

ಡಾಕ್ಟರಮ್ಮನ ಪೆನ್ನು ನಿಂತಿತು. "ಅದನ್ನೇ ಇನ್ನೊಂದ್ಸಲ ಹೇಳಿ, ಅಮ್ಮ."

ಆಮೇಲೆ ಸೊಸೆಗೆ ಚಾವಣಿಯನ್ನೇ ದಿಟ್ಟಿಸಲು ಹೇಳಿದಳು. ನೋಡನೋಡುತ್ತಿದ್ದಂತೆ ರೆಪ್ಪೆಗಳು ಹಗಲಲ್ಲೇ ಜಾರಿದವು. ಅತ್ತೆ ಕುರ್ಚಿಯಿಂದೆದ್ದು ಸೊಸೆಯ ಮುಖದ ಹತ್ತಿರಕ್ಕೆ ಬಗ್ಗಿದಳು.

ಸ್ಕ್ಯಾನಿನಲ್ಲಿ ಎದೆಮೂಳೆಯ ಹಿಂದೆ ಒಂದು ಅಪರೂಪದ ಗೆಡ್ಡೆ ಸಿಕ್ಕಿತು. ಅದರ ದೆಸೆಯಿಂದ ರೋಗದಿಂದ ಮೈ ಕಾಯುವ ಕಾವಲುಗಾರರೇ ದಾರಿ ತಪ್ಪಿ, ನರವು ಸ್ನಾಯುವಿಗೆ ಮಾತು ಮುಟ್ಟಿಸುವ ಜಾಗವನ್ನು ಕಡಿಯುತ್ತಿದ್ದಾರೆ; ಅದಕ್ಕೇ ಬಳಸಿದಷ್ಟೂ ಸ್ನಾಯು ಸೋಲುತ್ತದೆ, ಮಲಗೆದ್ದರೆ ಸುಧಾರಿಸುತ್ತದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದಳು. ಗೆಡ್ಡೆ ತೆಗೆಯಲೇಬೇಕು. ಆದರೆ ಆಮೇಲೆ ಉಸಿರಾಟವೂ ಸೋಲಬಹುದು...

ಆಪರೇಷನ್ ಕೋಣೆಯ ಬಾಗಿಲಲ್ಲಿ ಅತ್ತೆ ಗಾಲಿಮಂಚವನ್ನು ಹಿಡಿದು ಬಿಡಲೇ ಇಲ್ಲ.

"ಆ ಕಥೆ ನಂಗೆ ಬರಲ್ಲ ಕಣೇ. ಮಗು ಕೇಳಿದ್ರೆ ಏನು ಹೇಳ್ಲಿ? ನೀನೇ ಬಂದು ಹೇಳ್ಬೇಕು..."

ಕೆಲವು ದಿನ ಯಂತ್ರವೇ ಅವಳ ಉಸಿರಾಯಿತು. ಆಮೇಲೆ ತಿಂಗಳುಗಟ್ಟಲೆ ಮಾತ್ರೆ, ಗಂಜಿ, ಭಯ. ಕೊನೆಗೊಂದು ಸಂಜೆ, ನೆರಳು ಗೋಡೆ ಹತ್ತಿದ ಹೊತ್ತಿನಲ್ಲೇ, ಅವಳು ಮಗಳನ್ನು ತೊಡೆಗೆ ಕರೆದಳು. ನಾಲಿಗೆ ಎಲ್ಲಿ ಕೈಕೊಡುವುದೋ ಎಂದು ಹೆದರುತ್ತ ಒಂದೊಂದೇ ಮಾತು ಆಡಿದಳು.

"ರಾಕ್ಷಸನ ಪ್ರಾಣ ಇದ್ದದ್ದು... ಮೂಳೆಯ ಪೆಟ್ಟಿಗೆಯೊಳಗೆ. ಒಂದು ದುಂಬಿಯಲ್ಲಿ."

ಮಗಳು ಬೆರಳಿನಿಂದ ಅಮ್ಮನ ಎದೆಯ ಗಾಯದ ಗುರುತನ್ನು ಮುಟ್ಟಿದಳು. ಹೂಂಗುಡಲು ಮರೆತಳು.

"ಹೂಂ," ಎಂದಿತು ಅಡುಗೆಮನೆ. ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತ್ತು. "ಆಮೇಲೆ?"

"ಪೆಟ್ಟಿಗೆ ತೆರೆದರು, ಅತ್ತೆ. ದುಂಬಿಯನ್ನು ತೆಗೆದರು. ರಾಕ್ಷಸ ಸತ್ತ."

ಒಂದಕ್ಷರವೂ ತೊದಲಲಿಲ್ಲ. ಕಥೆ ಮುಗಿಯಿತು.