ಲೈನ್‌ಮನ್ ಹೇಳದ ಹೆಸರು

೧೯೭೬ನೇ ಇಸವಿ ನವೆಂಬರ್ ೨೩, ಮಂಗಳವಾರ. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಹಲಗೂರು ಕಡೆಯ ಬಸ್ಸಿನಿಂದ ಇಳಿದ ಚಿಕ್ಕಬೋರಮ್ಮ ಎಂಬ ಅರವತ್ತರ ಹೆಂಗಸು ದಾರಿ ಕೇಳಿಕೊಂಡು ಮಳವಳ್ಳಿ ಠಾಣೆಗೆ ಬಂದಳು. ಮಗ ಕಾಣೆಯಾಗಿ ಎರಡು ದಿನವಾಗಿತ್ತು. ದಫೇದಾರ್ ಮುದ್ದಯ್ಯ ಬೆಂಚು ತೋರಿಸಿದರೂ ಕೂರಲಿಲ್ಲ.

ಸರ್ಕಲ್ ಇನ್ಸ್‌ಪೆಕ್ಟರ್ ಮರಿಸಿದ್ದಯ್ಯ ಅವಳನ್ನು ಒಳಗೆ ಕರೆಸಿದರು.

"ಮಗನ ಹೆಸರೇನಮ್ಮ?"

"ಪುಟ್ಟಸ್ವಾಮಿ. ಅಲಗೂರ್ನಾಗೆ ಕರೆಂಟಿನ ಲೈನ್‌ಮನ್ನು ಕಣ್ ಬುದ್ದಿ."

"ವಯಸ್ಸು?"

"ಮೂವತ್ತೆರಡು."

"ಮದುವೆ?"

"ಇಲ್ಲ. ಬ್ಯಾಡ ಅಂದ. ಬಲವಂತ ಮಾಡ್ಲಿಲ್ಲ."

"ಮನೆ ಬಿಟ್ಟದ್ದು ಯಾವಾಗ?"

"ಭಾನ್ವಾರ ಮದ್ಯಾನ ಉಂಡ್ಬುಟ್ಟು, ಎರಡು ಗಂಟೇಲಿ. ಸಂಜೀಕೆ ಬತ್ತೀನಿ ಕಣವ್ವ ಅಂದ."

"ಯಾರ ಜೊತೆಗಾದ್ರೂ ಜಗಳ?"

"ಅವ್ನು ಜಗಳಕ್ಕೋಗೋನಲ್ಲ. ಈ ತಿಂಗ್ಳು ಬೆಂಗ್ಳೂರಿಂದ ಬಂದಾಗ ಕೈ ಬೆಳ್ಳು ಊದ್ಕಂಡಿತ್ತು. ಕಂಬದಿಂದ ಬಿದ್ದೆ ಅಂದ. ನಾ ನಂಬ್ನಿಲ್ಲ."

ಕಾಣೆಯಾದವರ ಪುಸ್ತಕದಲ್ಲಿ ದೂರು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರು.

ಹುಡುಕುವ ಕೆಲಸ ಹೆಚ್ಚು ಹೊತ್ತು ಉಳಿಯಲಿಲ್ಲ. ಮರುದಿನ ಬೆಳಿಗ್ಗೆ ಎಂಟಕ್ಕೆ ಹಲಗೂರಿನಿಂದ ಮೂರ್ನಾಲ್ಕು ಮೈಲಿ ದೂರದಲ್ಲಿ ಶಿಂಷಾ ಹೊಳೆಯಲ್ಲಿ, ಹೊಂಗೆ ಬೇರಿಗೆ ಸಿಕ್ಕಿಕೊಂಡ ಹೆಣವನ್ನು ಮೀನು ಹಿಡಿಯುವವರು ಕಂಡರು. ಚಿಕ್ಕಬೋರಮ್ಮ ಬಂದು ಮಗನೆಂದು ಗುರುತಿಸಿದಳು. ಪಂಚರ ಎದುರು ಶವ ಪಂಚನಾಮೆ ನಡೆಯಿತು. ಮೈಮೇಲೆ ಖಾಕಿ ಚಡ್ಡಿ, ಬನಿಯನ್. ಕೈಗಡಿಯಾರವಿಲ್ಲ, ಅದಿದ್ದ ಜಾಗದಲ್ಲಿ ಚರ್ಮ ಬೆಳ್ಳಗಿತ್ತು. ತಲೆಯ ಹಿಂಭಾಗ ಒಡೆದಿತ್ತು. ದಡದ ಬಂಡೆಯ ಮೇಲೆ ಪ್ಯಾಂಟು, ಶರಟು ಮಡಿಸಿಟ್ಟ ಹಾಗೇ ಇದ್ದವು.

ಮುದ್ದಯ್ಯ ಅಂದ: "ಈಜಕ್ಕೆ ಇಳಿದು ಬಂಡೆಗೆ ತಲೆ ಹೊಡಸ್ಕಂಡವ್ನೆ ಸಾರ್."

"ವಾಚು?"

"ನೀರಲ್ಲಿ ಬಿದ್ದಿರಬಹುದು."

"ಬಟ್ಟೆ ಮಡಿಸಿಡೋನು ವಾಚು ಕಟ್ಕೊಂಡು ನೀರಿಗಿಳೀತಾನೇನ್ರಿ?"

ಮಧ್ಯಾಹ್ನ ಡಾಕ್ಟರು ಖಚಿತ ಮಾಡಿದರು. ಭಾರವಾದ ವಸ್ತುವಿನಿಂದ ಹಿಂದಿನಿಂದ ಎರಡು ಏಟು. ಆಮೇಲೆ ನೀರಿನಲ್ಲಿ ಉಸಿರುಕಟ್ಟಿ ಸಾವು. ಏಟು ಬಿದ್ದಾಗ ಅವನು ಬದುಕಿದ್ದ. ಸಂಜೆ ನಾಲ್ಕು ಮುಕ್ಕಾಲಿಗೆ ಐಪಿಸಿ ೩೦೨ರಡಿ ಎಫ್‌ಐಆರ್ ದಾಖಲಾಯಿತು.

ಹೊಳೆಯ ಮೇಲ್ಗಡೆ ಬಟ್ಟೆ ಒಗೆಯುತ್ತಿದ್ದ ದೇವಿರಮ್ಮ ಎಂಬಾಕೆ ಭಾನುವಾರ ಒಬ್ಬನನ್ನು ನೋಡಿದ್ದಳು.

"ಬಿಳೀ ಪಂಚೆ, ತುಂಬುತೋಳಿನ ಸರಟು. ಸೊಂಟದಗಂಟ ಒದ್ದೆ. ಏನ್ ಸ್ವಾಮಿ ಅಂದ್ರೆ ಜಾರ್ಬಿದ್ದೆ ಅಂದ್ರು. ಮಳವಳ್ಳಿ ಬಸ್ಸು ಎಷ್ಟೊತ್ಗೆ ಅಂತ ಕೇಳುದ್ರು."

"ಯಾವ ಥರದವರು?"

"ಮೇಷ್ಟ್ರಂಗಿದ್ರು."

ಗುರುವಾರ ಪುಟ್ಟಸ್ವಾಮಿಯ ಮನೆ ಶೋಧಿಸಿದರು. ಅಂಕಣದ ಮೂಲೆಯಲ್ಲಿ ಒಂದು ತಗಡಿನ ಟ್ರಂಕಿತ್ತು. ಅದರ ತಳದಲ್ಲಿ ಎರಡು ಬಗೆಯ ಕಾಗದ ಸಿಕ್ಕವು. ಒಂದು, ಬೆಂಗಳೂರಿನ ಒಂದು ಠಾಣೆಯ ಜಾಮೀನು ಪತ್ರ, ನವೆಂಬರ್ ಎಂಟರದು: ಸಾರ್ವಜನಿಕ ಸ್ಥಳದಲ್ಲಿ ಅಸಭ್ಯ ವರ್ತನೆ. ಇನ್ನೊಂದು, ಅಲ್ಯೂಮಿನಿಯಂ ತಂತಿಯಲ್ಲಿ ಕಟ್ಟಿದ ಚೀಟಿಗಳ ಕಟ್ಟು. ಸುಮಾರು ಎಂಬತ್ತು ಚೀಟಿಗಳು, ಎಲ್ಲ ಒಂದೇ ಕೈಬರಹ. ಯಾವುದರಲ್ಲೂ ಸಹಿ ಇಲ್ಲ.

ಮರಿಸಿದ್ದಯ್ಯ ಜಗಲಿಯ ಮೇಲೆ ಕೂತು ಓದಿದರು. 'ಮಳೆ ಹಿಡಿದಿದೆ. ಕಂಬ ಹತ್ತುವಾಗ ಬೆಲ್ಟು ಹಾಕಿಕೋ. ಚೀಟಿ ಹರಿದುಹಾಕು.' 'ಮಗುವಿಗೆ ಜ್ವರ, ಈ ತಿಂಗಳು ಬರಲಾರೆ. ಹರಿದುಹಾಕು.' 'ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ನೀನು ನಿದ್ದೆ ಹೋದದ್ದನ್ನು ನೆನೆದು ಇವತ್ತು ಕ್ಲಾಸಿನಲ್ಲಿ ನಕ್ಕುಬಿಟ್ಟೆ. ಹರಿದುಹಾಕು.' ಎಲ್ಲಕ್ಕೂ ಮೇಲಿದ್ದ ಚೀಟಿ ಚಿಕ್ಕದು: 'ಭಾನುವಾರ ಮಧ್ಯಾಹ್ನ ಮೂರಕ್ಕೆ ಹೊಳೆಯ ಹತ್ತಿರ ಬಾ. ಮಾತಾಡಬೇಕು. ಹರಿದುಹಾಕು.'

ಹೆಗಲ ಮೇಲಿಂದ ಇಣುಕುತ್ತಿದ್ದ ಮುದ್ದಯ್ಯ ನಕ್ಕ. "ಕ್ಲಾಸು ಅಂತಾವ್ನೆ, ಆ ಮೇಷ್ಟ್ರಂಗಿದ್ದೋನೇ. ಗಂಡಸೇ ಬರ್ದಿರೋದಲ್ವಾ ಸಾರ್ ಇದು?"

"ಹೌದು. ನಗೋಂಥದ್ದು ಏನಿದೆ? ಎಣಿಸಿ ಪಟ್ಟಿ ಮಾಡಿ."

ಚಿಕ್ಕಬೋರಮ್ಮ ಬಾಗಿಲಿಗೊರಗಿ ನಿಂತಿದ್ದಳು. ಮರಿಸಿದ್ದಯ್ಯ ಕಟ್ಟು ತೋರಿಸಿ ಕೇಳಿದರು: "ಇವನ್ನ ಬರೆದೋರು ಯಾರು ಗೊತ್ತೇನಮ್ಮ?"

"ಕಂಡಿಲ್ಲ. ತಿಂಗ್ಳಿಗೊಂದು ಕಾಗ್ದ ಬತ್ತಿತ್ತು. ಬಂದ ದಿನ ಎಲ್ಡು ಮುದ್ದೆ ಉಣ್ಣೋನು. ಮದ್ವೆ ಇಲ್ಲ, ಮಕ್ಳಿಲ್ಲ, ನಾ ಸತ್ತೋದ್ರೆ ಇವ್ನ ಗತಿ ಏನಪ್ಪಾ ಅನ್ನಿಸ್ತಿತ್ತು. ಯಾರೋ ಒಬ್ಬ ಸ್ನೇಯಿತ ಅವ್ನಲ್ಲ, ಅವ್ನು ನೋಡ್ಕತಾನೆ ಬುಡು ಅಂತ ಸುಮ್ಕಾದೆ." ಆಮೇಲೆ ಕೇಳಿದಳು: "ಆ ಪುಣ್ಯಾತ್ಮಂಗೆ ವಿಸ್ಯ ತಿಳಿಸ್ಬೇಕಲ್ವಾ ಬುದ್ದಿ?"

ಮರಿಸಿದ್ದಯ್ಯ ಕಟ್ಟನ್ನು ಮತ್ತೆ ತಂತಿಯಲ್ಲಿ ಬಿಗಿದು ಚೀಲಕ್ಕೆ ಹಾಕಿದರು.

ಶುಕ್ರವಾರ ಬೆಳಿಗ್ಗೆ ಅವರು ಮುದ್ದಯ್ಯನೊಡನೆ ಕನಕಪುರದ ಮೇಲೆ ಬೆಂಗಳೂರಿಗೆ ಹೋದರು. ಜಾಮೀನು ಪತ್ರ ಕೊಟ್ಟಿದ್ದ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಎಳೆಯ ವಯಸ್ಸಿನವನು. ರಿಜಿಸ್ಟರು ತೆರೆದು ತೋರಿಸಿದ. ನವೆಂಬರ್ ಏಳು, ಭಾನುವಾರ, ಸಂಜೆ ಆರೂಕಾಲು. ಪಾರ್ಕಿನಲ್ಲಿ ದಾಳಿ, ಏಳು ಜನ.

"ಈ ಪುಟ್ಟಸ್ವಾಮಿ ಸಿಕ್ಕಿದ್ದು ಹೇಗೆ?"

"ಅವ್ನು ಓಡಿದ್ರೆ ಸಿಕ್ತಾನೇ ಇರ್ಲಿಲ್ಲ ಸಾರ್. ಗಟ್ಟಿ ಆಳು. ಬೇಲಿ ಹತ್ರ ಬಗ್ಗಿ ನಿಂತು ಇನ್ಯಾರನ್ನೋ ಹೆಗಲ ಮೇಲೆ ಹತ್ತಿಸಿ ಆಚೆ ದಾಟಿಸ್ದ. ಅಷ್ಟರಲ್ಲಿ ನಮ್ಮೋರು ಹಿಡಿದ್ರು."

"ದಾಟಿದೋನು ಯಾರು?"

"ಹೇಳ್ಲಿಲ್ಲ. ಕೇಳೋ ರೀತೀಲೇ ಕೇಳಿದ್ವಿ, ಬೆಳಗಿನ ತನಕ. ಗಂಡಸು ಗಂಡಸಿನ ಜೊತೆ ಸೇರೋದರ ಕಲಮು, ಮುನ್ನೂರ ಎಪ್ಪತ್ತೇಳು ಹಾಕ್ತೀವಿ, ಕೆಲಸ ಹೋಗುತ್ತೆ ಅಂದ್ವಿ. ಒಬ್ಬನೇ ಬಂದಿದ್ದೆ ಅಂದ. ಅಷ್ಟೇ."

ಊದಿದ್ದ ಬೆರಳುಗಳ ವಿಚಾರ ಮರಿಸಿದ್ದಯ್ಯನವರಿಗೆ ನೆನಪಾಯಿತು.

"ಅವನ ಆಫೀಸಿಗೆ, ನಮ್ಮ ಠಾಣೆಗೆ ಪತ್ರ ಬರೆದಿರಾ?"

"ಇಲ್ಲ ಸಾರ್. ಬರೀತೀವಿ ಅಂತ ಹೆದರಿಸ್ತೀವಿ. ಇಂಥದಕ್ಕೆಲ್ಲ ಯಾರು ಬರೀತಾರೆ? ಸಣ್ಣ ಕೇಸು, ಆವತ್ತಿಗೇ ಮುಗೀತು."

ಜಾಮೀನು ನಿಂತವರು ವೆಂಕಟೇಶಮೂರ್ತಿ ಎಂಬ ನಿವೃತ್ತ ಗುಮಾಸ್ತರು. ಹಳೆಯ ಬೀದಿಯೊಂದರಲ್ಲಿ ಅವರದು ಮಹಡಿ ಮನೆ. ಪೊಲೀಸರನ್ನು ಕಂಡು ಅವರ ಮುಖ ಬಿಳಿಚಿತು. ಆದರೂ ಒಳಗೆ ಕರೆದು ಕಾಫಿ ಕೊಟ್ಟರು. ಹಜಾರದಲ್ಲಿ ಗ್ರಾಮಫೋನು, ಗೋಡೆಗೆ ಮಡಿಸಿ ಒರಗಿಸಿದ ಎಂಟು ಕುರ್ಚಿಗಳು.

"ಇಷ್ಟು ಕುರ್ಚಿ ಯಾರಿಗೆ?"

"ತಿಂಗಳ ಮೊದಲನೇ ಭಾನುವಾರ ಸ್ನೇಹಿತರು ಬರ್ತಿದ್ರು. ಬ್ಯಾಂಕಿನೋರು, ಕಾರ್ಖಾನೆಯೋರು, ಪೌರೋಹಿತ್ಯದೋರು ಒಬ್ರು. ಉಪ್ಪಿಟ್ಟು ಮಾಡ್ತಿದ್ದೆ, ಹಾಡು ಕೇಳ್ತಿದ್ವಿ. ಒಬ್ಬ ತೀರಿಕೊಂಡ ತಾಯಿಯ ಸೀರೆ ಉಟ್ಟು ಅಭಿನಯ ಮಾಡೋನು, ಎಲ್ರೂ ಅಳೋರು. ಐದು ಗಂಟೆಗೆ ಅವರವರ ಪಾಡಿಗೆ ಹೊರಟುಹೋಗೋರು. ಅಷ್ಟೇ ಇನ್ಸ್‌ಪೆಕ್ಟ್ರೇ, ಇದರಲ್ಲಿ ಕದ್ದದ್ದು, ಕೊಂದದ್ದು ಏನೂ ಇಲ್ಲ."

"ಪುಟ್ಟಸ್ವಾಮಿ ಯಾರ ಜೊತೆ ಬರ್ತಿದ್ದ?"

"ಇಲ್ಲಿ ಯಾರೂ ಯಾರ ಊರೂ ಕೇಳೋದಿಲ್ಲ."

"ಹೆಸರು?"

"ಮೇಷ್ಟ್ರು ಅಂತಿದ್ವಿ. ಒಬ್ರು ಬಸ್ಸಿನಲ್ಲಿ, ಒಬ್ರು ರೈಲಿನಲ್ಲಿ ಬರೋರು. ಪುಟ್ಟಸ್ವಾಮಿ ಮೊದಲು ಬಂದು ಕಿಟಕೀಲೇ ನಿಂತಿರೋನು. ಯಾಕೆ, ಏನು ಮಾಡಿದಾನೆ ಅವನು?"

"ತೀರಿಕೊಂಡ. ಯಾರೋ ಕೊಂದಿದಾರೆ."

ವೆಂಕಟೇಶಮೂರ್ತಿಗಳು ಲೋಟ ಕೆಳಗಿಟ್ಟರು. ಕಿಟಕಿಯ ಕಡೆ ನೋಡಿದರು. "ಜಾಮೀನಿನ ದಿನ ಬಂದು ಇಲ್ಲೇ ಮಲಗಿದ್ದ. ಎದ್ದ ತಕ್ಷಣ ಕೇಳಿದ್ದು, ಮೇಷ್ಟ್ರು ಊರು ಸೇರಿದರಂತಾ ಅಂತ. ಆವತ್ತಿಂದ ಈ ಮನೆಗೆ ಯಾರೂ ಬಂದಿಲ್ಲ. ಇನ್ನು ಬರೋದೂ ಇಲ್ಲ."

ಮೇಷ್ಟ್ರು, ರೈಲು. ರಾತ್ರಿ ವಾಪಸು ಬರುವ ಬಸ್ಸಿನಲ್ಲೇ ಮುದ್ದಯ್ಯ ಒಂದು ವಿಷಯ ಗಮನಕ್ಕೆ ತಂದ: ಚೀಟಿಗಳೆಲ್ಲ ಪ್ರಶ್ನೆಪತ್ರಿಕೆಯ ಅರ್ಧ ಹಾಳೆಗಳು. ಹಿಂದೆ ನೇರಳೆ ಶಾಯಿಯ ಅಚ್ಚು, ಒಂಬತ್ತನೇ ತರಗತಿ, ಬೀಜಗಣಿತ. ಕಟ್ಟಿನ ನಡುವೆ ಉಳಿದಿದ್ದ ಒಂದೇ ಒಂದು ಲಕೋಟೆಯ ಮೇಲೆ, ಬೆಂಗಳೂರು ರೈಲು ನಿಲ್ಲುವ ಮದ್ದೂರಿನ ಅಂಚೆಯ ಮುದ್ರೆಯಿತ್ತು. ಪುಟ್ಟಸ್ವಾಮಿ ಹಲಗೂರಿಗೆ ವರ್ಗವಾಗುವ ಮೊದಲು ಕೆಲಸ ಮಾಡಿದ್ದೂ ಮದ್ದೂರಿನಲ್ಲೇ.

ನವೆಂಬರ್ ೨೭, ಶನಿವಾರ. ಬೆಳಗಿನ ತರಗತಿಗಳು ಮುಗಿಯುವ ಹೊತ್ತಿಗೆ, ಹನ್ನೊಂದು ನಲವತ್ತಕ್ಕೆ, ಅವರು ಮದ್ದೂರಿನ ಹೈಸ್ಕೂಲೊಂದರ ಹೆಡ್‌ಮಾಸ್ಟರ ಕೋಣೆಯಲ್ಲಿದ್ದರು. ಬೀಜಗಣಿತ ಹೇಳುವವರು ಒಬ್ಬರೇ, ಪಾರ್ಥಸಾರಥಿ. ವಯಸ್ಸು ನಲವತ್ತೊಂದು. ಹದಿನೇಳು ವರ್ಷದ ನೌಕರಿ, ಒಂದು ರಿಮಾರ್ಕಿಲ್ಲ. ಹಾಜರಿ ಪುಸ್ತಕದ ಪಕ್ಕ ಚೀಟಿಯಿಟ್ಟು ನೋಡಿದರು. 'ರ' ಅಕ್ಷರದ ತಲೆಕಟ್ಟು ಎರಡರಲ್ಲೂ ಒಂದೇ ರೀತಿ ಮೇಲೆ ತಿರುಗಿತ್ತು.

ಪಾರ್ಥಸಾರಥಿ ಬಂದರು. ಬಿಳೀ ಪಂಚೆ, ತುಂಬುತೋಳಿನ ಶರಟು, ಹಣೆಯಲ್ಲಿ ಸಣ್ಣ ನಾಮ. ಬೆರಳುಗಳಿಗೆ ಸೀಮೆಸುಣ್ಣ ಮೆತ್ತಿತ್ತು. ಹೆಡ್‌ಮಾಸ್ಟರು ಹೊರಗೆ ಹೋದರು.

"ಹೋದ ಭಾನುವಾರ ಮಧ್ಯಾಹ್ನ ಎಲ್ಲಿದ್ರಿ?"

"ಮನೆಯಲ್ಲಿ."

"ಪುಟ್ಟಸ್ವಾಮಿ ಗೊತ್ತಾ?"

"ಯಾವ ಪುಟ್ಟಸ್ವಾಮಿ?"

ಮರಿಸಿದ್ದಯ್ಯ ಚೀಟಿಗಳ ಕಟ್ಟನ್ನು ಮೇಜಿನ ಮೇಲಿಟ್ಟರು. ಪಾರ್ಥಸಾರಥಿ ಅದನ್ನು ಮುಟ್ಟಲಿಲ್ಲ.

"ಒಂದನ್ನೂ ಹರಿಯಲಿಲ್ಲವಾ?" ಎಂದರು.

ಹನ್ನೆರಡು ಹತ್ತಕ್ಕೆ ದಸ್ತಗಿರಿಯಾಯಿತು. ಮನೆಯಲ್ಲಿ ಪಂಚರ ಸಮಕ್ಷಮ ಒಂದು ಪಂಚೆಯನ್ನೂ, ಹಳೆಯ ಲಾಗರಿದಮ್ ಪುಸ್ತಕಗಳ ಹಿಂದಿದ್ದ ಕೈಗಡಿಯಾರವನ್ನೂ ವಶಪಡಿಸಿಕೊಂಡರು. ಹೆಂಡತಿ ಆಂಡಾಳ್ ಅಡುಗೆಮನೆಯ ಹೊಸಿಲಲ್ಲಿ ನಿಂತು, "ಏನ್ರೀ ಇದು? ಯಾರದ್ರೀ ಈ ಗಡಿಯಾರ?" ಎಂದು ಎರಡು ಸಲ ಕೇಳಿದಳು. ಗಂಡ ತಲೆ ಎತ್ತಲಿಲ್ಲ. ಆರನೇ ಕ್ಲಾಸಿನ ಮಗಳನ್ನು ಪಕ್ಕದ ಮನೆಯವರು ಕರೆದುಕೊಂಡು ಹೋದರು.

ಮಳವಳ್ಳಿ ಠಾಣೆಯಲ್ಲಿ ದೇವಿರಮ್ಮ ಒಂದು ನೋಟಕ್ಕೇ "ಇವ್ರೇ ಕಣಪ್ಪ" ಅಂದಳು. ವಿಧಿಪೂರ್ವಕ ಗುರುತು ಪರೇಡು ಆಮೇಲೆ ನಡೆಯಬೇಕಿತ್ತು. ಅವಳು ಹೋದ ಮೇಲೆ ಪಾರ್ಥಸಾರಥಿ ತಾವಾಗಿಯೇ ಮಾತಾಡಿದರು.

"ಎಂಟು ವರ್ಷದ ಹಿಂದೆ ನಮ್ಮನೆ ಫ್ಯೂಸ್ ಹಾಕೋಕೆ ಬಂದಿದ್ದ ಸಾರ್."

"ಹೊಳೆ ಹತ್ತಿರ ಏನಾಯ್ತು?"

"ಸಿಕ್ಕೋನು ಹೆಸರು ಹೇಳಿದ್ರೆ ಠಾಣೆಯೋರು ಇಬ್ಬರ ಆಫೀಸಿಗೂ ಬರೀತಾರೆ ಅಂತ ನಾನು ಬೇಲಿ ದಾಟಿದ ರಾತ್ರೀನೇ ಬೆಂಗಳೂರಲ್ಲಿ ಯಾರೋ ಅಂದ್ರು. ಹದಿನಾಲ್ಕು ದಿನ ನಿದ್ದೆ ಮಾಡ್ಲಿಲ್ಲ. ಪೋಸ್ಟ್‌ಮ್ಯಾನ್ ಸ್ಕೂಲಿನ ಗೇಟಿಗೆ ಬಂದ್ರೆ ಪಾಠ ನಿಲ್ಲಿಸಿಬಿಡ್ತಿದ್ದೆ. ಕೆಲಸ, ಆಂಡಾಳು, ಮಗು... ಊರವರ ಮುಂದೆ ಹೇಗೆ ತಲೆ ಎತ್ತೋದು? ಅವನನ್ನ ಕೇಳಿದೆ. ನನ್ನ ಹೆಸರು ಹೇಳಿದ್ಯಾ ಅಂತ."

"ಏನಂದ?"

"ಇಲ್ಲ ಅಂದ. ನಗ್ತಾ ಅಂದ. ನಿಮ್ಮೆಸ್ರು ಯಾಕೇಳ್ಲಿ ಮೇಷ್ಟ್ರೇ ಅಂತ. ಬನ್ನಿ, ನೀರು ಚೆನ್ನಾಗದೆ ಅಂತ ಇಳಿದ. ಬೆನ್ನು ತಿರುಗಿಸಿದ."

"ಆಮೇಲೆ?"

"ಕಲ್ಲು ಕೈಗೆ ಯಾವಾಗ ಬಂತೋ ಗೊತ್ತಿಲ್ಲ." ತಲೆ ಅಲ್ಲಾಡಿಸಿದರು. "ಇಲ್ಲ. ಸುಳ್ಳು. ಗೊತ್ತು. ಅವನು ಬಟ್ಟೆ ಮಡಿಸ್ತಿದ್ದಾಗಲೇ ಎತ್ತಿಕೊಂಡಿದ್ದೆ. ಎರಡನೇ ಏಟಿಗೆ ಬಿದ್ದ. ತಲೆ ಎತ್ತೋಕೆ ನೋಡಿದ. ನಾನು ಬಿಡಲಿಲ್ಲ."

"ಗಡಿಯಾರ?"

"ಕಳ್ಳರ ಕೆಲಸ ಅನ್ನಿಸಲಿ ಅಂತ. ಬಿಸಾಡೋಕೆ ಆಗಲಿಲ್ಲ."

ಮರಿಸಿದ್ದಯ್ಯ ಲೇಖನಿ ಕೆಳಗಿಟ್ಟರು. "ಅವನು ನಿಮ್ಮ ಹೆಸರು ಹೇಳಿರಲಿಲ್ಲ ಮೇಷ್ಟ್ರೇ. ಬೆಳಗಿನ ತನಕ ಕೇಳಿದಾರೆ. ಹೇಳಿಲ್ಲ. ಪತ್ರ ಯಾರೂ ಬರೆದಿಲ್ಲ, ಬರೆಯೋದೂ ಇರಲಿಲ್ಲ."

ಪಾರ್ಥಸಾರಥಿ ಗೋಡೆಗೆ ಒರಗಿದರು. ನಿಧಾನಕ್ಕೆ ಅಂದರು: "ನಂಬೋಕಾಗಲಿಲ್ಲ ಸಾರ್. ಅಷ್ಟು ಹೊಡೆದರೆ ಯಾರು ತಾನೇ ಹೇಳದೆ ಇರ್ತಾರೆ? ನಾನಾಗಿದ್ರೆ ಅವನ ಹೆಸರು ಹೇಳಿಬಿಡ್ತಿದ್ದೆ."

ಹೊರಗಿನಿಂದ ಪೇದೆಯೊಬ್ಬ ಮೇಷ್ಟ್ರಿಗೆ ಕಾಫಿ ತಂದ. ಅವರು ಕುಡಿಯಲಿಲ್ಲ. ಕೈಮುಗಿದರು.

"ಗಡಿಯಾರದ ಆಸೆಗೆ ಕೊಂದೆ ಅಂತ ಬರೆದುಬಿಡಿ. ಗಲ್ಲಿಗೆ ಹಾಕಲಿ. ಆ ಚೀಟಿಗಳನ್ನ ಕೋರ್ಟಿನಲ್ಲಿ ಓದಬೇಡಿ. ನನ್ನ ಮಗಳು ಅದೇ ಊರಲ್ಲಿ ಬಾಳಬೇಕು. ಅವನ ತಾಯಿಗೂ..."

"ಆ ಚೀಟಿ ಇಲ್ಲದೆ ಕೇಸು ನಿಲ್ಲೋದಿಲ್ಲ. ಎಂಬತ್ತನ್ನೂ ಓದ್ತಾರೆ. ನನ್ನ ಕೈಲಿ ಏನೂ ಇಲ್ಲ."

ಸಂಜೆ ಆರು ಹತ್ತಕ್ಕೆ ಆರೋಪಿಯನ್ನು ಲಾಕಪ್ಪಿಗೆ ಹಾಕಿ ಮರಿಸಿದ್ದಯ್ಯ ಕೇಸ್ ಡೈರಿ ಬರೆಯಲು ಕೂತರು. ಕೃತ್ಯಕ್ಕೆ ಕಾರಣ ಎಂಬಲ್ಲಿಗೆ ಬಂದು ಲೇಖನಿ ನಿಂತಿತು. ಇಂಥ ಕಡೆ 'ವೈಯಕ್ತಿಕ ದ್ವೇಷ' ಎಂದು ಬರೆಯುವುದು ರೂಢಿ. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಅವರೇ ಎಷ್ಟೋ ಸಲ ಬರೆದಿದ್ದರು. ಈಗ ಬರೆದದ್ದು ಹೀಗೆ: 'ಆರೋಪಿಗೂ ಮೃತನಿಗೂ ದ್ವೇಷವಿರಲಿಲ್ಲ. ಎಂಟು ವರ್ಷದ ಸ್ನೇಹವಿತ್ತು. ಮೃತನು ತನ್ನ ಹೆಸರನ್ನು ಪೊಲೀಸರಿಗೆ ಹೇಳಿರಬಹುದೆಂಬ ಭಯದಿಂದ ಆರೋಪಿಯು ಈ ಕೃತ್ಯ ಎಸಗಿರುತ್ತಾನೆ. ಮೃತನು ಹೇಳಿರಲಿಲ್ಲ.'

ಪ್ರತಿ ಮಾಡಲು ಕೂತ ಮುದ್ದಯ್ಯ ಅಲ್ಲಿಗೆ ಬಂದು ನಿಲ್ಲಿಸಿದ.

"ಕೊನೇ ಮಾತು ಬೇಕಾ ಸಾರ್? ಕೇಸಿಗೆ ಅದರಿಂದ ಏನೂ ಆಗ್ಬೇಕಾಗಿಲ್ವಲ್ಲ."

"ಇರಲಿ, ಬರೀರಿ," ಎಂದರು ಮರಿಸಿದ್ದಯ್ಯ.