ಬಿದ್ದುಹೋದ ಮರುಹಾಡು

"ಮೊಟ್ಟೆನಾ, ಚೀಸಾ?"

ಸಾಲಿನಲ್ಲಿ ಮುಂದೆ ನಿಂತವನ ಮುಖ ನೋಡದೆಯೇ ಅಝೆನೋರ್ ಕಾವಲಿಯ ಮೇಲೆ ಕರಿಗೋಧಿಯ ಹಿಟ್ಟು ಹುಯ್ದಳು. ದೋಸೆಯಂಥ ಈ ಗಾಲೆಟ್ಟು ಬೆಳಗಿನಿಂದ ಎಷ್ಟನೆಯದೋ, ಅವಳಿಗೆ ಲೆಕ್ಕ ತಪ್ಪಿ ಬಹಳ ಹೊತ್ತಾಗಿತ್ತು.

ಉತ್ತರ ಬರಲಿಲ್ಲ.

"ನಿಮ್ಮನ್ನೇ ಕೇಳ್ತಿರೋದು. ಮೊಟ್ಟೆನಾ, ಚೀಸಾ?"

ಆಗಲೂ ಇಲ್ಲ. ಅವಳು ತಲೆ ಎತ್ತಿದಳು.

ಕುಣಿತದ ಬಯಲಿನ ಕಡೆ ಮುಖ ತಿರುಗಿಸಿಕೊಂಡು ನಿಂತಿದ್ದ ಅವನು. ಅವಳಿಗೆ ಕಾಣುತ್ತಿದ್ದುದು ಎಡಗೆನ್ನೆ ಮಾತ್ರ. ಅಷ್ಟು ಸಾಕಾಯಿತು. ಕೈಯಲ್ಲಿದ್ದ ಸೌಟು ಹಿಟ್ಟಿನ ಪಾತ್ರೆಗೆ ಜಾರಿತು.

ಗುಲ್ವೆನ್.

ಎರಡು ವರ್ಷದ ಮೇಲೆ... ಇದೇ ಹಬ್ಬಕ್ಕೆ, ಇದೇ ಸಾಲಿಗೆ ಬಂದು ನಿಂತಿದ್ದಾನೆ. ಕೇಳಿದ್ದಕ್ಕೆ ಉತ್ತರ ಕೊಡುವಷ್ಟು ಮರ್ಯಾದೆಯೂ ಇಲ್ಲ.

"ದೊಡ್ಡ ಮನುಷ್ಯರು, ನಮ್ಮಂಥವರ ಜೊತೆ ಮಾತಾಡಿದ್ರೆ ಬಾಯಿ ಸವೆಯುತ್ತೆ ಅಂತ ಕಾಣ್ಸುತ್ತೆ," ಎಂದಳು ಗಟ್ಟಿಯಾಗಿ.

ಸಾಲಿನವರು ನಕ್ಕರು. ಹಿಂದಿನವನು ಬೆನ್ನು ತಟ್ಟಿದ ಮೇಲೆ ಗುಲ್ವೆನ್ ತಿರುಗಿ ನೋಡಿದ. ಅವನ ಮುಖದ ಬಣ್ಣ ಇಳಿಯಿತು.

"ಅಝೆನೋರ್... ನೀನೇ ಕೊಡ್ತಿದ್ದೀಯ ಅಂತ ಗೊತ್ತಿರ್ಲಿಲ್ಲ."

"ಮೊಟ್ಟೆನಾ, ಚೀಸಾ?"

"ನೀನು ಯಾವುದು ಕೊಟ್ರೂ ತಗೋತೀನಿ."

"ನಾನು ಕೊಟ್ಟಿದ್ದನ್ನ ನೀನು ತಗೊಳ್ಳೋದು ಊರಿಗೇ ಗೊತ್ತು."

ಏನೂ ಹಾಕದ ಗಾಲೆಟ್ಟನ್ನು, ಅದೂ ಒಂದು ಬದಿ ಕರಕಾದದ್ದನ್ನು, ಕಾಗದದ ಮೇಲೆ ಎಸೆದಳು. ಅವನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋದ.

ಪಕ್ಕದ ಕಾವಲಿಯ ಮುಂದಿದ್ದ ಚಿಕ್ಕಮ್ಮ ಮರಿವೋನ್ ಎಲ್ಲವನ್ನೂ ನೋಡುತ್ತಿದ್ದಳು.

"ಅಷ್ಟು ಸುಟ್ಟಿದ್ದನ್ನ ನಾಯೀನೂ ಮೂಸಲ್ಲ ಕಣೇ. ಅವನು ತಿಂತಿದ್ದಾನೆ ನೋಡು."

"ತಿನ್ಲಿ ಬಿಡು ಚಿಕ್ಕಮ್ಮ."

"ತಿನ್ನೋನಿಗೆ ಏನೋ ಕಷ್ಟ ಇರ್ಬೇಕು."

"ನನಗಿಲ್ವಾ?"

ಮರಿವೋನ್ ತನ್ನ ಕಾವಲಿಯ ಕಡೆ ತಿರುಗಿದಳು.

ವಾರಕ್ಕೆ ಆರು ದಿನ ಅಝೆನೋರ್ ಕೋಳಿ ಕಾರ್ಖಾನೆಯಲ್ಲಿ ನಿಂತು ರೆಕ್ಕೆ ಕತ್ತರಿಸುತ್ತಾಳೆ. ಬೆಳಿಗ್ಗೆ ಐದಕ್ಕೆ ಪಾಳಿ. ಚಳಿಕೋಣೆಯಲ್ಲಿ ಎಂಟು ಗಂಟೆ ನಿಂತವರ ಹೆಗಲಿಗೆ ಮೂವತ್ತೊಂದು ವಯಸ್ಸೂ ಒಂದೇ, ಅರವತ್ತೂ ಒಂದೇ. ಅದರ ಮೇಲೆ ಈ ಹಬ್ಬ. ಮೂರು ವಾರದಿಂದ ದಿನವೂ ಪಾಳಿ ಮುಗಿಸಿ ಬಂದವಳೇ ಬೆಂಚು ಹೊತ್ತಿದ್ದಾಳೆ, ಡೇರೆಯ ಗೂಟ ಹೊಡೆದಿದ್ದಾಳೆ, ಹಿಟ್ಟು ಕಲಸಿದ್ದಾಳೆ.

ಕೆರ್‌ವಿಲಿಯ ಹಬ್ಬಕ್ಕೆ ಟಿಕೆಟ್ ಇಲ್ಲ. ಕುಣಿಯೋಕೆ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಬಾರದು ಅಂತ ಅವಳ ಅಜ್ಜಿ ಹಾಕಿದ ಕಟ್ಟಳೆ ಅದು. ಫ್ರಾನ್ಸಿನ ಈ ಬ್ರಿಟನಿ ಸೀಮೆಯ ಹಳ್ಳಿಹಳ್ಳಿಯವರು ಬರುತ್ತಾರೆ, ಐರ್ಲೆಂಡಿನಿಂದ ಪಿಟೀಲಿನವರು, ವೇಲ್ಸಿನಿಂದ ಹಾಡುಗಾರರು ಬರುತ್ತಾರೆ, ಊರಿನವರು ಹಿಟ್ಟು, ಬೆಣ್ಣೆ, ಸೇಬಿನ ಸೈಡರ್ ತಂದು ಸುರಿಯುತ್ತಾರೆ. ಆದರೆ ಪುಕ್ಕಟೆ ಅಂದ ಕೂಡಲೇ ಕೆಲವರ ನಾಲಿಗೆ ಉದ್ದವಾಗುತ್ತದೆ. ನೆರಳು ಯಾಕಿಲ್ಲ, ಕುರ್ಚಿ ಯಾಕೆ ಸಾಲದು, ಬೆಣ್ಣೆ ಯಾಕೆ ಕಡಿಮೆ? ಬೆಂಚು ಹೊರಲು ಕರೆದಾಗ ಮಾತ್ರ ಈ ನಾಲಿಗೆಗಳೆಲ್ಲ ಊರಲ್ಲೇ ಇರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಅಝೆನೋರ್ ಎರಡು ವರ್ಷದಿಂದ ಹಾಡಿರಲಿಲ್ಲ.

ಅವಳೂ ಗುಲ್ವೆನ್ನೂ ಹಾಡುತ್ತಿದ್ದುದು ಜೋಡಿಹಾಡು. ಒಬ್ಬರು ಸಾಲು ಹಾಡುತ್ತಾರೆ. ಆ ಸಾಲಿನ ಕೊನೆಯ ಎರಡು ಮೂರು ಪದ ಬರುವಾಗಲೇ ಇನ್ನೊಬ್ಬರು ದನಿ ಕೂಡಿಸಿ, ಅದೇ ಸಾಲನ್ನು ಮತ್ತೆ ಎತ್ತಿಕೊಳ್ಳಬೇಕು. ಅದೇ ಮರುಹಾಡು. ನಡುವೆ ಉಸಿರಿನಷ್ಟೂ ಬಿಡುವಿರಬಾರದು, ಯಾಕೆಂದರೆ ಆ ಹಾಡಿನ ಮೇಲೆಯೇ ಇನ್ನೂರು ಜನರ ಕಾಲು ನಡೆಯುತ್ತಿರುತ್ತದೆ. ಬೇರೆ ವಾದ್ಯವಿಲ್ಲ. ಮರುಹಾಡು ಬಿದ್ದರೆ ಕುಣಿತವೇ ಬಿತ್ತು.

ಎರಡು ವರ್ಷದ ಹಿಂದೆ, ಹಬ್ಬದ ಬೆಳಿಗ್ಗೆ, ಇದೇ ಕಾವಲಿಯ ಮುಂದೆ ಹಿಟ್ಟು ಹರಡುತ್ತ ಅವಳು ಗುಲ್ವೆನ್‌ನನ್ನು ಕೇಳಿದ್ದಳು. "ನನ್ನ ಜೊತೆ ಇದ್ದುಬಿಡ್ತೀಯಾ, ಇಲ್ಲೇ?"

ಅವನು ನಕ್ಕಿದ್ದ. "ಹಾಡು ಮುಗೀಲಿ, ಹೇಳ್ತೀನಿ."

ಹಾಡು ಮುಗಿಯಲೇ ಇಲ್ಲ. ಎರಡನೆಯ ಚರಣದಲ್ಲಿ ಅವಳು ಕೊನೆಯ ಪದಗಳನ್ನು ಬಿಟ್ಟುಕೊಟ್ಟಳು. ಅವನು ಎತ್ತಿಕೊಳ್ಳಲಿಲ್ಲ. ಇನ್ನೂರು ಜನರ ಕಾಲು ಗಾಳಿಯಲ್ಲಿ ನಿಂತಿತು. ಅವನು ಅವಳನ್ನೊಮ್ಮೆ ನೋಡಿ, ವೇದಿಕೆ ಇಳಿದು, ಜನರ ನಡುವೆ ನಡೆದುಹೋದ. ಮರುದಿನ ಊರಲ್ಲಿರಲಿಲ್ಲ.

'ಕೇಳಿದ್ದಕ್ಕೆ ಉತ್ತರ ಕೊಟ್ಟೇ ಹೋದ. ಊರೆಲ್ಲ ನೋಡುವ ಹಾಗೆ ಕೊಟ್ಟ...' ಅಂದಿನಿಂದ ಅವಳು ಹಾಗೆಯೇ ತಿಳಿದುಕೊಂಡಿದ್ದಳು.

ಎರಡೂವರೆಗೆ ಹಬ್ಬದ ಮುಖ್ಯಸ್ಥ ಎರ್ವೆ ಬೆವರು ಒರೆಸಿಕೊಳ್ಳುತ್ತ ಬಂದ.

"ಅಝೆನೋರ್, ಮೂರು ಗಂಟೆ ಗಾವೊಟ್ ಕುಣಿತಕ್ಕೆ ಹಾಡೋ ಜೋಡಿ ಬರ್ತಿಲ್ಲ. ಕಾರು ಕೆಟ್ಟು ದಾರೀಲಿ ನಿಂತಿದ್ದಾರೆ."

"ನನಗ್ಯಾಕೆ ಹೇಳ್ತಿದ್ದೀರ?"

"ಯಾಕೆ ಅಂತ ನಿಂಗೊತ್ತು. ಗುಲ್ವೆನ್ ಕೂಡ ಬಂದಿದ್ದಾನೆ."

"ಅವನ ಜೊತೆ? ಆಗಲ್ಲ."

"ಹಾಗಾದ್ರೆ ರೆಕಾರ್ಡ್ ಹಾಕ್ತೀನಿ."

"ಅಜ್ಜಿ ಹಬ್ಬದಲ್ಲಿ ರೆಕಾರ್ಡ್ ಹಾಕ್ತೀರಾ?"

"ಮತ್ತೇನು ಮಾಡ್ಲಿ ಹೇಳಮ್ಮ? ಗಾವೊಟ್ ಇಲ್ಲ ಅಂದ್ರೆ ಅರ್ಧ ಜನ ಈಗಲೇ ಎದ್ದು ಹೋಗ್ತಾರೆ. ಮುಂದಿನ ವರ್ಷ ಬರೋದೂ ಇಲ್ಲ."

ಅವಳು ನೀರಿನ ಕ್ಯಾನು ಎತ್ತಿಕೊಂಡು ಚರ್ಚಿನ ಹಿಂದಿನ ನಲ್ಲಿಯ ಕಡೆ ನಡೆದಳು. ಅಳೋಣವೆನಿಸಿತು. ಅಳುವುದಕ್ಕೂ ಒಂದಿಷ್ಟು ತ್ರಾಣ ಬೇಕು, ಅದೂ ಇರಲಿಲ್ಲ.

ನಲ್ಲಿಯಾಚೆ ಕಲ್ಲುಗೋಡೆಗೆ ಒರಗಿ ಗುಲ್ವೆನ್ ಕೂತಿದ್ದ. ಅದೇ ಸುಟ್ಟ ಗಾಲೆಟ್ಟನ್ನು ಚೂರುಚೂರೇ ತಿನ್ನುತ್ತಿದ್ದ. ಅವಳನ್ನು ನೋಡಿರಲಿಲ್ಲ. ಅವಳು ನಲ್ಲಿ ತಿರುಗಿಸಿ ಕ್ಯಾನು ಹಿಡಿದಳು.

ಆಗ ಅವನ ಎಡಗಡೆ, ಗೋಡೆಯ ಮೂಲೆಯಿಂದ, ಶಹನಾಯಿಯಂಥ ಬೊಂಬಾರ್ಡ್ ಊದುವವನೊಬ್ಬ ಬಂದ. ಶ್ರುತಿ ನೋಡಿಕೊಳ್ಳಲು ವಾದ್ಯ ಬಾಯಿಗಿಟ್ಟು ಒಂದೇ ಸಲ ಜೋರಾಗಿ ಊದಿದ. ಎದೆ ಸೀಳುವಂಥ ಸದ್ದು ಅದು. ಅಝೆನೋರ್ ಬೆಚ್ಚಿದಳು, ಕ್ಯಾನಿನ ನೀರು ಕಾಲ ಮೇಲೆ ಚೆಲ್ಲಿತು. ಸುತ್ತಲಿದ್ದವರೆಲ್ಲ ಊದಿದವನ ಕಡೆ ತಿರುಗಿ ಬೈದರು.

ಗುಲ್ವೆನ್ ಕೂಡ ಬೆಚ್ಚಿದ. ಆದರೆ ತಿರುಗಿದ್ದು ಬಲಕ್ಕೆ.

ಬಲಗಡೆ ಬರಿಯ ಹುಲ್ಲುಗಾವಲು, ಎರಡು ಹಸು. ಆ ಖಾಲಿ ಬಯಲಿನಲ್ಲಿ ಅವನು ಸದ್ದು ಎಲ್ಲಿಂದ ಬಂತೆಂದು ಹುಡುಕುತ್ತಿದ್ದ. ಊದಿದವನು ಎಡಗಡೆ ಎರಡು ಮಾರು ದೂರದಲ್ಲಿ ನಿಂತಿದ್ದ.

ಅಝೆನೋರ್‌ಳ ಕೈ ನಲ್ಲಿಯ ಮೇಲೆಯೇ ನಿಂತಿತು.

ನಡೆಯುವಾಗ ಅವನು ಯಾವಾಗಲೂ ಅವಳ ಎಡಕ್ಕೆ ಬರುತ್ತಿದ್ದ. ಹಾಡುವಾಗಲೂ ಅವಳ ಎಡಕ್ಕೇ, ಹೆಗಲಿಗೆ ಹೆಗಲು ತಾಗಿಸಿ. ಆದರೆ ಆ ವರ್ಷ ಎರ್ವೆ ಹೊಸ ಮೈಕು ತರಿಸಿದ್ದ. ಅವಳನ್ನು ಇತ್ತ, ಅವನನ್ನು ಅವಳ ಬಲಕ್ಕೆ ಮೂರು ಹೆಜ್ಜೆ ಅತ್ತ ನಿಲ್ಲಿಸಿದ್ದ. ನಡುವೆ ಕೂಗುವ ಪೆಟ್ಟಿಗೆ...

'ದೇವರೇ. ಅವನಿಗೆ ನನ್ನ ಪದ ಕೇಳಿಸಲೇ ಇಲ್ಲ.'

ಅವಳು ಸುತ್ತಿ ಬಂದು ಅವನ ಬಲಗಡೆ ನಿಂತಳು.

"ಎಷ್ಟು ದಿನ ಆಯ್ತು?"

"ಏನು?"

"ಎಡಗಿವಿ."

ಅವನು ಅಗಿಯುವುದನ್ನು ನಿಲ್ಲಿಸಿದ.

"ಮೂರು ವರ್ಷದ ಮೇಲಾಯ್ತು. ಕಲ್ಲುಗಣಿಯಲ್ಲಿ ಸಿಡಿಮದ್ದು ಹೇಳಿದ್ದಕ್ಕಿಂತ ಮುಂಚೆ ಹೊಡೀತು. ಎರಡು ದಿನ ಗುಂಯ್ ಅಂತಿತ್ತು. ಆಮೇಲೆ ಅದೂ ಇಲ್ಲ."

"ಅಂದ್ರೆ ನನ್ನ ಜೊತೆ ಒಂದು ವರ್ಷ ಹಾಗೇ ಹಾಡಿದೆ."

"ಬಲಗಿವಿ ಇತ್ತು. ನಿನ್ನ ಹೆಗಲಿತ್ತು. ನೀನು ಸಾಲು ಬಿಡೋ ಮುಂಚೆ ಉಸಿರು ಇಳಿಯುತ್ತೆ, ಅದು ಹೆಗಲಲ್ಲೇ ಗೊತ್ತಾಗುತ್ತೆ. ನನಗೆ ಅಷ್ಟು ಸಾಕಾಗಿತ್ತು."

"ಆ ದಿನ ಹೇಳ್ಬಾರ್ದಿತ್ತಾ? ಎರ್ವೆಗೆ, ನನಗೆ, ಯಾರಿಗಾದ್ರೂ?"

"ಹೇಗೂ ನಿಭಾಯಿಸ್ತೀನಿ ಅಂದ್ಕೊಂಡೆ. ಆಮೇಲೆ ನೀನು ಬಾಯಿ ಮುಚ್ಚಿದ್ದು ಕಂಡಿತು, ಪದ ಎಲ್ಲಿ ಹೋಯ್ತು ಅಂತ ಗೊತ್ತಾಗ್ಲಿಲ್ಲ. ನಿಜ ಹೇಳಿದ್ರೆ, ಕಿವುಡನ್ನ ಹಾಡೋಕೆ ಇಟ್ಕೊಂಡಿದ್ದಾಳೆ ಅಂತ ಊರೆಲ್ಲ ನಿನ್ನ ನೋಡಿ ನಗ್ತಿತ್ತು ಅಝೆನೋರ್."

"ಈಗ ನಗ್ಲಿಲ್ವಾ? ಕೈಬಿಟ್ಟು ಹೋದ್ನಂತೆ ಅಂತ ಕಾರ್ಖಾನೆಯಲ್ಲಿ ನನ್ನ ಬೆನ್ನಹಿಂದೇನೇ ಆಡ್ಕೊಂಡ್ರು. ಎರಡು ವರ್ಷ. ನೀನು ಬೇಡ ಅಂದೆ ಅಂದ್ಕೊಂಡು ಎರಡು ವರ್ಷ ನಾನು ಕೋಳಿ ರೆಕ್ಕೆ ಕತ್ತರಿಸಿದ್ದೀನಿ. ನಿನಗೊಂದು ಕಿವಿ ಹೋದ್ರೆ ನನಗೇನು ಹೋಗ್ತಿತ್ತು, ಹೇಳು?"

ಅವನು ಉಳಿದ ಚೂರನ್ನು ಕಾಗದದಲ್ಲಿ ಸುತ್ತಿಟ್ಟ.

"ಎಲ್ಲಿದ್ದೆ?"

"ಬಂದರಿನಲ್ಲಿ. ಹಗ್ಗ ಎಳೆಯೋ ಕೆಲಸ. ಅಲ್ಲಿ ಕಿವಿ ಯಾರಿಗೂ ಬೇಡ."

ಅವಳು ಗೋಡೆಯ ಮೇಲೆ ಕುಸಿದು ಕೂತಳು. ಕೂತ ಮೇಲೆ ತಿಳಿಯಿತು, ಬೆಳಗಿನಿಂದ ಇದೇ ಮೊದಲ ಸಲ ಕೂತದ್ದು ಅಂತ.

"ಕೋಪ ಮಾಡ್ಕೊಳ್ಳೋಕೂ ಶಕ್ತಿ ಇಲ್ಲ ನಂಗೆ, ಗುಲ್ವೆನ್. ಇನ್ನೊಂದು ದಿನ ಮಾಡ್ಕೊತೀನಿ. ಜಾಸ್ತೀನೇ ಮಾಡ್ಕೊತೀನಿ."

"ಮಾಡ್ಕೋ. ಎಲ್ಲಾ ನಂದೇ ತಪ್ಪು."

ಅವನು ಎದ್ದು ಕ್ಯಾನು ತುಂಬಿಸಿದ. ಅವಳ ಒದ್ದೆ ಕಾಲನ್ನು ನೋಡಿ, ತನ್ನ ಕುತ್ತಿಗೆಯ ವಸ್ತ್ರ ಬಿಚ್ಚಿ ಅವಳ ಕೈಗಿತ್ತ.

"ಮೂರು ಗಂಟೆಗೆ ಗಾವೊಟ್," ಎಂದಳು ಅವಳು ಕಾಲು ಒರೆಸುತ್ತ. "ಹಾಡೋರು ಯಾರೂ ಇಲ್ಲ."

ಅವನು ಕ್ಯಾನು ಕೆಳಗಿಟ್ಟ. "ಮತ್ತೆ ಬೀಳಿಸಿದ್ರೆ?"

"ಬೀಳಿಸು. ಆಮೇಲೆ ಓಡಿ ಹೋಗ್ಬೇಡ, ಅಷ್ಟೇ."

ಬಯಲಿಗೆ ಬಂದಾಗ ಎರ್ವೆ ವೇದಿಕೆಯ ಮೇಲೆ ಎರಡು ಮೈಕು ನಿಲ್ಲಿಸಿ ಕಾಯುತ್ತಿದ್ದ. ಅದೇ ಮೂರು ಹೆಜ್ಜೆಯ ಅಂತರ.

"ಮೈಕ್ ತೆಗೀರಿ," ಎಂದಳು ಅಝೆನೋರ್.

"ತೆಗೆದ್ರೆ ಹಿಂದಿನವರಿಗೆ ಏನೂ ಕೇಳ್ಸಲ್ಲ ಕಣಮ್ಮ."

ಗಾಲೆಟ್ ಡೇರೆಯಿಂದಲೇ ಮರಿವೋನ್ ಕೂಗಿದಳು. "ಹಿಂದಿನವರು ಮುಂದೆ ಬರ್ಲಿ ಬಿಡೋ ಎರ್ವೆ! ಅವರ ಕಾಲೇನು ಬಾಡಿಗೆ ಕೇಳುತ್ತಾ?"

ಜನ ನಕ್ಕರು. ಎರ್ವೆ ಗೊಣಗುತ್ತ ತಂತಿ ಕಿತ್ತ. ಕೂಗುವ ಪೆಟ್ಟಿಗೆ ಗುರ್ ಎಂದು ಸತ್ತಿತು. ಅಝೆನೋರ್ ವೇದಿಕೆ ಹತ್ತಲಿಲ್ಲ. ಹಿಂದೆ ಅಜ್ಜಿ ನಿಲ್ಲುತ್ತಿದ್ದ ಹಾಗೆ ಹುಲ್ಲಿನ ನಡುವೆ ಹೋಗಿ ನಿಂತಳು. ಗುಲ್ವೆನ್ ಅವಳ ಎಡಕ್ಕೆ ಬಂದ. ಹೆಗಲಿಗೆ ಹೆಗಲು ತಾಗಿತು. ಎರಡು ವರ್ಷದ ಮೇಲೂ ಆ ಹೆಗಲ ಎತ್ತರ ಅವಳ ಹೆಗಲಿಗೆ ನೆನಪಿತ್ತು.

ಸುತ್ತಲೂ ಜನ ಕೈಗೆ ಕೈ ಹೆಣೆದು ಸಾಲುಗಟ್ಟಿದರು. ಆವತ್ತಿನ ಕಥೆ ಗೊತ್ತಿದ್ದವರು ಪಿಸುಗುಟ್ಟಿದರು. ಗೊತ್ತಿಲ್ಲದವರು ಬೇಗ ಶುರುಮಾಡಿ ಎಂದರು.

ಅವಳು ಕಣ್ಣು ಮುಚ್ಚಿ ಹಾಡೆತ್ತಿದಳು.

"ಗಿರಣಿಯ ದಾರಿ ಬಲು ದೂರ, ಹೆಗಲ ಮೇಲೆ ಭಾರ..."

ದನಿ ಒಡೆದಿತ್ತು, ತುಕ್ಕು ಹಿಡಿದಿತ್ತು. ಕೊನೆಯ ಪದ ಬರುವಾಗ ಅವಳ ಉಸಿರು ಇಳಿಯಿತು. 'ಈಗ...'

"...ಹೆಗಲ ಮೇಲೆ ಭಾರ," ಎಂದು ಅವನ ದನಿ ಅವಳ ದನಿಯೊಳಗೇ ಬಂದು ಸೇರಿತು. ಸೇರಿ, ಸಾಲನ್ನು ಎತ್ತಿಕೊಂಡು ಮುಂದೆ ನಡೆಯಿತು. "ಗಿರಣಿಯ ದಾರಿ ಬಲು ದೂರ..."

ಇನ್ನೂರು ಜನರ ಕಾಲು ಒಟ್ಟಿಗೆ ನೆಲಕ್ಕೆ ಬಿತ್ತು.

ನಾಲ್ಕನೆಯ ಚರಣದಲ್ಲಿ ಯಾರೋ ಸಿಳ್ಳೆ ಹಾಕಿದರು. ಗುಲ್ವೆನ್ ತಡವರಿಸಿದ, ಅರ್ಧ ಉಸಿರು ಹಿಂದುಳಿದ. ಅವನ ಹೆಗಲು ಬಿಗಿಯಾಯಿತು. ಅಝೆನೋರ್ ಬಾಯಿ ಮುಚ್ಚಲಿಲ್ಲ. ಕೊನೆಯ ಪದವನ್ನು ಇನ್ನಷ್ಟು ಎಳೆದು, ಹೆಗಲನ್ನು ಅವನ ಹೆಗಲಿಗೊತ್ತಿ ಹಿಡಿದಳು. ತಗೋ, ಇಲ್ಲಿದೆ, ತಗೋ... ಅವನು ತಗೊಂಡ. ಕುಣಿಯುವವರಿಗೆ ಏನೂ ಗೊತ್ತಾಗಲಿಲ್ಲ.

ಇಪ್ಪತ್ತು ನಿಮಿಷ ಹಾಡಿದರು. ಮುಗಿದಾಗ ಅವಳಿಗೆ ಆಯಾಸ ಹೋಗಿರಲಿಲ್ಲ. ಬೆನ್ನು ಮೊದಲಿನಷ್ಟೇ ನೋಯುತ್ತಿತ್ತು. ಆದರೆ ಹೊತ್ತ ಮೂಟೆಯ ಇನ್ನೊಂದು ತುದಿಗೆ ಯಾರೋ ಕೈ ಕೊಟ್ಟ ಹಾಗಿತ್ತು.

"ಹಾಡಿದ್ದು ಸಾಕು, ಬಾರೇ. ಸಾಲು ಚರ್ಚಿನ ತನಕ ಹೋಗಿದೆ!" ಮರಿವೋನ್ ಡೇರೆಯಿಂದ ಕರೆದಳು. ಅಝೆನೋರ್‌ಳ ಹಿಂದೆ ಬರುತ್ತಿದ್ದವನನ್ನು ನೋಡಿ, "ಅವನನ್ನೂ ಕರ್ಕೊಂಡು ಬಾ. ಸುಟ್ಟಿದ್ದು ತಿಂದೋನಿಗೆ ಸುಡೋದೂ ಕಲಿಸೋಣ," ಎಂದಳು.

ಗುಲ್ವೆನ್ ಸೌಟು ಹಿಡಿದ. ಮೊದಲನೆಯದು ಹರಿಯಿತು, ಎರಡನೆಯದು ಮುದ್ದೆಯಾಯಿತು. ಅಝೆನೋರ್ ಅವನ ಬಲಕ್ಕೆ ಬಂದು, ಅವನ ಕೈಮೇಲೆ ಕೈಯಿಟ್ಟು ಹಿಟ್ಟು ಹರಡಿಸಿದಳು. ಕಾವಲಿ ಚುರ್ ಎಂದಿತು.

ಎರಡು ವರ್ಷದ ಹಿಂದಿನ ಅದೇ ಮಾತು ಗಂಟಲಿಗೆ ಬಂತು. ಈ ಸಲ ಭಯಪಡಲೂ ಅವಳಿಗೆ ತ್ರಾಣವಿರಲಿಲ್ಲ. ಕೇಳಿಯೇ ಬಿಟ್ಟಳು.

"ಗುಲ್ವೆನ್, ನನ್ನ ಜೊತೆ ಇದ್ದುಬಿಡ್ತೀಯಾ... ಇಲ್ಲೇ?"

ಕೊನೆಯ ಪದ ಅವಳ ಬಾಯಿಂದ ಪೂರ್ತಿ ಬರುವ ಮೊದಲೇ ಅವನ ದನಿ ಬಂದು ಕೂಡಿಕೊಂಡಿತು.

"...ಇಲ್ಲೇ. ನಿನ್ನ ಜೊತೆ ಇದ್ದುಬಿಡ್ತೀನಿ."

ಕಾವಲಿಯ ಮೇಲಿನದು ಕರಕಾಗುತ್ತಿತ್ತು. ಸಾಲಿನಲ್ಲಿದ್ದ ಹೆಂಗಸೊಬ್ಬಳು ಎಷ್ಟು ಹೊತ್ತು ಕಾಯೋದು ಎಂದು ಗೊಣಗಿದಳು. ಅಝೆನೋರ್ ಕೈ ತೆಗೆಯಲಿಲ್ಲ.

"ನಾಳೆ ಐದಕ್ಕೆ ನನಗೆ ಪಾಳಿ," ಎಂದಳು ಮೆಲ್ಲಗೆ. "ಈ ಬೆಂಚೆಲ್ಲ ಹೊತ್ತು ಮಲಗಿದ್ರೆ ನಾನು ಏಳೋದೇ ಇಲ್ಲ."

"ಬೆಂಚು ನಾನು ಹೊರ್ತೀನಿ. ಎಬ್ಬಿಸೋದೂ ನಾನೇ."

"ಅಲಾರಂ ಕೇಳ್ಸುತ್ತಾ ನಿಂಗೆ?"

"ಕೇಳ್ದೇ ಇದ್ರೆ," ಗುಲ್ವೆನ್ ಅವಳ ಹೆಗಲಿಗೆ ಹೆಗಲು ತಾಗಿಸಿದ, "ನಿನ್ನ ಉಸಿರು ಬದಲಾದಾಗ ಗೊತ್ತಾಗುತ್ತೆ ಬಿಡು."